ಎರಡು ಕೋಲುಗಳ ನಡುವೆ

ಬ್ರಾಕ್‌ಲಿ, ಸಸೆಕ್ಸ್
೩ ಮಾರ್ಚ್ ೧೭೭೦

ವೆಂಡ್‌ಮಿಯರ್ ಪ್ರಭುಗಳಿಗೆ,

ನಿಮ್ಮ ತೋಟದ ಆಳು ಏಮಸ್ ಏಕ್‌ಹರ್ಸ್ಟ್ ಮಾಡುವ ವಂದನೆ. ಕೆಲಸಕ್ಕೆಂದು ನೀವು ನನಗೆ ಕೊಟ್ಟದ್ದು ಗುದ್ದಲಿ, ಕೈಗೆ ಹಿಡಿಸಿದ್ದು ಚೆಂಡು. ಕುರಿ ಕಾಯುವವರೊಂದಿಗೆ ನೀವೂ ಬಯಲಿಗಿಳಿದು ಕ್ರಿಕೆಟ್ ಆಡಿದಿರಿ. ಆ ಋಣ ಮರೆತಿಲ್ಲ.

ಕಳೆದ ಬೇಸಿಗೆಯ ಪಂದ್ಯದಲ್ಲಿ ನನ್ನ ಚೆಂಡು ನಿಮ್ಮ ವಿಕೆಟ್ಟಿನ ಎರಡು ಕೋಲುಗಳ ನಡುವೆ ತೂರಿತು. ಮೇಲಿನ ಅಡ್ಡಕಡ್ಡಿ ಅಲುಗಲಿಲ್ಲ.

"ಕಡ್ಡಿ ಬಿದ್ದಿಲ್ಲ, ಪ್ರಭುಗಳು ಔಟಲ್ಲ" ಎಂದ ತೀರ್ಪುಗಾರ.

"ದೊರೆ ಕಂಡ್ರೆ ನಿನ್ ಚೆಂಡಿಗೂ ಭಯವೇನಯ್ಯಾ, ಮುಟ್ದೇನೇ ಹೋಯ್ತಲ್ಲ!" ಎಂದು ನನ್ನ ಹೆಂಡತಿ ಹೆಸ್ಟರ್ ಅಂಚಿನಿಂದ ಕೂಗಿದಳು.

ತೀರ್ಪುಗಾರನೊಡನೆ ವಾದಿಸುವ ಹಕ್ಕು ಪ್ರಭುಗಳಿಗೆ ಮಾತ್ರವೆಂದು ಪಂದ್ಯದ ಕರಾರಿನಲ್ಲೇ ಬರೆದಿತ್ತು. ನನ್ನ ಪರವಾಗಿ ವಾದಿಸಿದವರು ನೀವು.

"ಸುಮ್ನಿರಯ್ಯ, ಚೆಂಡು ಒಳಗೆ ಹೋಗಿದ್ದನ್ನ ನಾನೇ ನೋಡಿದೀನಿ. ನಾನು ಔಟು."

ಬ್ಯಾಟು ಹೆಗಲಿಗಿಟ್ಟು ನಡೆದೇಬಿಟ್ಟಿರಿ. ಆಳಿನೆದುರು ಸೋಲು ಒಪ್ಪಿಕೊಂಡ ದೊರೆಯನ್ನು ನಾನು ಕಂಡದ್ದು ಅದೇ ಮೊದಲು.

ಈಗ ಅದೇ ಬಯಲಿಗೆ ಬೇಲಿ ಹಾಕಿ ನಿಮ್ಮ ಹೆಸರಿಗೆ ಮಾಡುವ ಮಸೂದೆ ಪಾರ್ಲಿಮೆಂಟಿಗೆ ಬಂದಿದೆಯಂತೆ. ಅಜ್ಜಂದಿರ ಕಾಲದಿಂದ ಅಲ್ಲಿ ಮೇಯುವುದು ನಮ್ಮ ಹಸು, ಅಲ್ಲಿ ಸೌದೆ ಆಯುವುದು ನಮ್ಮ ಹೆಂಗಸರು. ಬೇಲಿ ಎದ್ದರೆ ನಲವತ್ತು ಮನೆಯ ಒಲೆ ಆರುತ್ತದೆ. ಕಾಯಿದೆ ನಿಮ್ಮ ಕಡೆಗಿದೆ, ಬಲ್ಲೆ. ಅಂದು ಕಡ್ಡಿಯೂ ನಿಮ್ಮ ಕಡೆಗೇ ಇತ್ತು. ಆ ಸಭೆಯಲ್ಲೂ ನಮಗೆ ಬಾಯಿಲ್ಲ, ವಾದಿಸುವ ಹಕ್ಕು ನಿಮಗೇ. ಎದ್ದು ನಿಂತು ಕಂಡದ್ದನ್ನು ಹೇಳಿ.

ಉತ್ತರ ಬರೆಯುವುದು ಬೇಡ. ಮೇ ತಿಂಗಳ ಮೊದಲ ಸೋಮವಾರ ಬಯಲಿಗೆ ಬರುತ್ತೇವೆ. ಬೇಲಿ ಇಲ್ಲದಿದ್ದರೆ ಮೊದಲ ಬ್ಯಾಟು ನಿಮ್ಮದು. ಇದ್ದರೆ, ನೀವು ಕೊಟ್ಟ ಗುದ್ದಲಿ ನನ್ನ ಬಳಿ ಇದೆ.

ನಿಮ್ಮ ಋಣದಲ್ಲಿರುವ,
ಏಮಸ್