ಎಲ್ಲರೂ ನಕ್ಕ ಸಾಲು

ಕ್ಲಿನಿಕ್ಕಿನ ಮೇಜಿನಿಂದ,
ಹದಿನಾರನೇ ತಾರೀಖು, ಭಾನುವಾರ ಮಧ್ಯಾಹ್ನ

ನನ್ನ ಸಿಸ್ಟರಮ್ಮಾ,

ಪೇಷಂಟುಗಳು ಕರೆಯೋ ಹಾಗೆ ನಾನೂ ಕರೆದರೆ ನಿನಗೆ ಸಿಟ್ಟು ಬರುತ್ತೆ ಅಂತ ಗೊತ್ತು, ಇವತ್ತೊಂದು ದಿನ ಸಹಿಸಿಕೋ. ನಿನ್ನ ಅಕ್ಕನ ಸೊಂಟ ಹೇಗಿದೆ? ವಾಕರ್ ಹಿಡಿದು ಅಡುಗೆಮನೆವರೆಗೂ ಬಂದರು ಅಂದೆಯಲ್ಲ, ಕೇಳಿ ಸಮಾಧಾನವಾಯಿತು. ಹೊಲಿಗೆ ಹಾಕಿದ ಜಾಗ ಕೆಂಪಾಗಿದ್ದರೆ ಫೋಟೋ ಕಳಿಸು. ಅವರನ್ನು ಎತ್ತಿ ಕೂರಿಸೋ ಭರದಲ್ಲಿ ನಿನ್ನ ಬೆನ್ನು ಹಾಳುಮಾಡಿಕೊಳ್ಳಬೇಡ, ಆ ಮನೆಗೆ ಒಬ್ಬರು ರೋಗಿ ಸಾಕು. ಇಲ್ಲಿ ನಾವಿಬ್ಬರೂ ಮೈಯಲ್ಲಿ ಚೆನ್ನಾಗಿದ್ದೇವೆ. ಅಡುಗೆ ನಾನು ಮಾಡುತ್ತೇನೆ, ಮಗಳು ಉಪ್ಪು ಸರಿಮಾಡುತ್ತಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿನಗೆ ಸುಳ್ಳು ಹೇಳುವುದು ನನಗೆ ಎಷ್ಟು ಸುಲಭ ಅಂತ ಈ ತಿಂಗಳು ಗೊತ್ತಾಯಿತು. ಅದಕ್ಕೇ ಕಾಗದ.

ಗುರುವಾರ ಮಗಳ ಶಾಲೆಗೆ ಹೋಗಿದ್ದೆ. ಅವಳ ಕ್ಲಾಸ್ ಟೀಚರು ಮಕ್ಕಳ ಕೈಲಿ ಹಳೇ ಕಾಲದ ಒಂದು ಪ್ರಹಸನದ ಮೂರು ದೃಶ್ಯ ಆಡಿಸಿದರು. ಊರಿನ ವೈದ್ಯನೊಬ್ಬನನ್ನು ಗೇಲಿ ಮಾಡುವ ನಾಟಕ. ಬೆಂಚುಗಳನ್ನು ಗೋಡೆಗೆ ಒತ್ತರಿಸಿ, ಬೋರ್ಡಿನ ಮುಂದೆ ಎರಡು ಕುರ್ಚಿ ಇಟ್ಟಿದ್ದರು. ಅಪ್ಪ ಅಮ್ಮಂದಿರು ಹದಿನೈದಿಪ್ಪತ್ತು ಜನ ಆ ಪುಟ್ಟ ಬೆಂಚುಗಳಲ್ಲಿ ಕಾಲು ಮಡಚಿ ಕೂತಿದ್ದೆವು, ಅರ್ಧ ಜನ ನನ್ನ ಪೇಷಂಟುಗಳೇ. ವೈದ್ಯನ ಪಾತ್ರ ನಮ್ಮ ಮಗಳದು. ನಿನ್ನ ಹಳೇ ಬಿಳಿ ಕೋಟು, ತೋಳು ಮಡಚಿ ಪಿನ್ನು ಹಾಕಿಕೊಂಡಿದ್ದಳು, ಪೆನ್ಸಿಲಿನಲ್ಲಿ ಬರೆದ ಮೀಸೆ ಬೇರೆ. ಮೊದಲ ದೃಶ್ಯದಲ್ಲಿ ರೋಗಿಯ ಕೈ ಅಂತ ಕುರ್ಚಿಯ ಕೈ ಹಿಡಿದು ನಾಡಿ ನೋಡಿದಳು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯದರಲ್ಲಿ ತಲೆಯನ್ನೇ ಎತ್ತದೆ ಚೀಟಿ ಗೀಚುತ್ತ, ಪೆನ್ನಿನ ತುದಿಯಲ್ಲಿ ಕಿವಿ ಕೆರೆದುಕೊಳ್ಳುತ್ತ, "ಹೂಂ... ಎಷ್ಟು ದಿನದಿಂದ? ಹೂಂ... ವಯಸ್ಸಾಯ್ತಲ್ಲ, ಇದೆಲ್ಲ ಇದ್ದದ್ದೇ" ಅಂದಳು. ಪಕ್ಕದಲ್ಲಿದ್ದ ಪೋಸ್ಟ್‌ಮ್ಯಾನ್ ನನ್ನ ತೊಡೆ ತಟ್ಟಿ, "ಡಾಕ್ಟ್ರೇ, ನಿಮ್ಮನ್ನೇ ಅಚ್ಚು ಹೊಯ್ದ ಹಾಗಿದೆ" ಅಂದರು. ಸುಳ್ಳು ಯಾಕೆ, ನನಗೆ ಹೆಮ್ಮೆಯೇ ಆಯಿತು. ಆಗ ರೋಗಿಯಾಗಿದ್ದ ಹುಡುಗಿ, "ಎದೆ ಹಿಡ್ಕೊಂಡ ಹಾಗಾಗುತ್ತೆ, ಎಡಗೈ ಜೋಮು ಬರುತ್ತೆ" ಅಂದಳು. ನಮ್ಮವಳು ಚೀಟಿ ಹರಿದು ಕೊಟ್ಟು, "ಗ್ಯಾಸು. ಊಟ ಕಮ್ಮಿ ಮಾಡಿ. ಮುಂದಿನವ್ರು ಬನ್ನಿ" ಅಂದಳು. ಕ್ಲಾಸು ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ ಇರಬೇಕು. ಬಾಯಿ ಇನ್ನೂ ತೆರೆದಿರುವಾಗಲೇ ತಿಳಿಯಿತು, ಆ ಮಾತು ಎಲ್ಲಿಯದು ಅಂತ. ಅವಳು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

ಮೂಲೆ ಅಂಗಡಿಯ ಟೈಲರ್ ವಿಷಯ ನಿನಗೆ ಹೇಳಿದ್ದೆ. ಎದೆನೋವು ಅಂತ ತೀರಾ ತಡವಾಗಿ ಬಂದರು, ತಕ್ಷಣ ದೊಡ್ಡಾಸ್ಪತ್ರೆಗೆ ಕಳಿಸಿದೆ, ಜೀವ ಉಳಿಯಿತು ಅಂತ. ಅದು ಅವರು ಎರಡನೇ ಸಲ ಬಂದಾಗಿನ ಕಥೆ. ಅದಕ್ಕೆ ನಾಲ್ಕು ದಿನ ಮುಂಚೆಯೂ ಬಂದಿದ್ದರು. ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು, ನೀನು ಇರಲಿಲ್ಲ. ನೀನಿದ್ದಿದ್ದರೆ ಬಿಪಿ ನೋಡದೆ ಅವರನ್ನು ಒಳಗೇ ಬಿಡುತ್ತಿರಲಿಲ್ಲ. ಇಸಿಜಿ ಯಂತ್ರ ನನ್ನ ಕೈಗೆಟುಕುವಷ್ಟು ಹತ್ತಿರ ಕವರು ಹೊದ್ದು ಕೂತಿತ್ತು. ನಾನು ಗ್ಯಾಸು ಅಂದೆ, ಊಟ ಕಮ್ಮಿ ಮಾಡಿ ಅಂದೆ, ಮುಂದಿನವರನ್ನು ಕರೆದೆ. ಪರದೆಯ ಹಿಂದೆ, ನಿನ್ನ ಸ್ಟೂಲಿನ ಮೇಲೆ, ಮಗಳು ಹೋಂವರ್ಕ್ ಮಾಡುತ್ತಿದ್ದಳು.

ಶಾಲೆಯಿಂದ ಮನೆಗೆ ನಡೆದುಕೊಂಡೇ ಬಂದೆವು. ಅರ್ಧ ದಾರಿಯಲ್ಲಿ ಕೇಳಿದೆ, ಆ ಸಾಲು ಪುಸ್ತಕದಲ್ಲಿತ್ತಾ ಅಂತ. ಇಲ್ಲ ಅಂದಳು. ನನಗೆ ಎಲ್ಲಿತ್ತೋ ಕೋಪ, ಅಷ್ಟು ಜನರೆದುರು ಅಪ್ಪನ ಮಾನ ಕಳೆಯೋಕೆ ನಾಚಿಕೆಯಾಗಲ್ವಾ ಅಂತ ರಸ್ತೆಯಲ್ಲೇ ಕೂಗಾಡಿದೆ. ಅವಳು ಅಳಲಿಲ್ಲ. "ನಗಿಸೋಕೆ ಹೇಳಿದ್ದಲ್ಲಪ್ಪ, ಎಲ್ಲರೂ ನಕ್ಕುಬಿಟ್ರು. ನೀನೂ ನಕ್ಕೆ" ಅಂದಳು. ಸ್ವಲ್ಪ ದೂರ ಹೋದಮೇಲೆ, "ನೀನೇ ಯಾರಿಗಾದ್ರೂ ಹೇಳ್ತೀಯ ಅಂತ ಕಾಯ್ತಾ ಇದ್ದೆ" ಅಂದಳು. ಹದಿನಾಲ್ಕು ವರ್ಷದ ಹುಡುಗಿ ಮೂರು ವಾರ ಇದನ್ನು ಒಬ್ಬಳೇ ಹೊತ್ತುಕೊಂಡು, ನನ್ನ ಜೊತೆ ಕೂತು ಊಟ ಮಾಡಿದ್ದಾಳೆ ಕಣೇ. ನಾನು ಗಮನಿಸಲೇ ಇಲ್ಲ.

ನಿನ್ನೆ ಟೈಲರ್ ಮನೆಗೆ ಹೋದೆ. ಅಂಗಡಿಯ ಹಿಂದಿನ ಒಂದೇ ಕೋಣೆ ಅದು. ಅವರು ದಿಂಬಿಗೆ ಒರಗಿ ಕೂತಿದ್ದರು. ಹೃದಯ ಅರ್ಧಕ್ಕರ್ಧ ಸೋತಿದೆ, ನಾಲ್ಕು ಹೆಜ್ಜೆ ನಡೆದರೆ ಉಬ್ಬಸ. ಹೆಂಡತಿ ಮಿಷಿನ್ ತುಳಿಯುತ್ತಿದ್ದರು. ನನ್ನನ್ನು ನೋಡಿದ್ದೇ ಟೈಲರ್ ಏಳಲು ಹೋದರು! "ನಾನೇ ನಿಮಗೆ ಸರಿಯಾಗಿ ಬಿಡಿಸಿ ಹೇಳ್ಲಿಲ್ಲ ಡಾಕ್ಟ್ರೇ" ಅಂದರು. ಅದನ್ನೇ ಎಲ್ಲರ ಮುಂದೆ ಹೇಳಿಕೊಂಡು ಬರುತ್ತಿದ್ದಾರಂತೆ. ನಾನು ನಿಂತುಕೊಂಡೇ ಹೇಳಿದೆ: ನೀವು ಸರಿಯಾಗೇ ಹೇಳಿದಿರಿ, ನಾನು ಕೇಳಿಸಿಕೊಳ್ಳಲಿಲ್ಲ, ಪರೀಕ್ಷೆ ಮಾಡಲಿಲ್ಲ, ಅವತ್ತೇ ಕಳಿಸಿದ್ದರೆ ಇಷ್ಟು ಆಗುತ್ತಿರಲಿಲ್ಲವೇನೋ. ಅವರು ತಮ್ಮ ಅಂಗೈ ನೋಡಿಕೊಂಡರು. ಮಿಷಿನ್ ನಿಂತಿತು. "ಅವತ್ತು ನಾನೂ ಇವರ ಪಕ್ಕದಲ್ಲೇ ನಿಂತಿದ್ದೆ. ನಿಮಗೆ ನೆನಪಿರಲ್ಲ, ನೀವು ನೋಡಲೇ ಇಲ್ಲವಲ್ಲ" ಅಂದರು ಆಕೆ. ಬೈಯಲಿಲ್ಲ. ಅವತ್ತು ರಿಜಿಸ್ಟರಿನಲ್ಲಿ ಏನು ಬರೆದಿದ್ದೀರೋ ಅದರ ಪ್ರತಿ ಕೊಡಿ, ದೊಡ್ಡಾಸ್ಪತ್ರೆಯವರಿಗೆ ತೋರಿಸಬೇಕು, ಆಮೇಲೆ ದೂರು ಕೊಡೋದೋ ಬಿಡೋದೋ ಯೋಚನೆ ಮಾಡುತ್ತೇವೆ ಅಂದರು. ಸೋಮವಾರ ತಂದುಕೊಡುತ್ತೇನೆ ಅಂತ ಹೇಳಿ ಬಂದೆ.

ಟೀಚರು ಅದೇ ದೃಶ್ಯಗಳನ್ನು ಶಾಲೆಯ ದೊಡ್ಡ ಹಾಲಿನಲ್ಲಿ ಇನ್ನೊಮ್ಮೆ ಆಡಿಸಬೇಕು ಅಂತಿದ್ದಾರೆ. ಮಗಳು ಒಲ್ಲೆ ಅಂದಿದ್ದಾಳೆ. ಆಡು, ನನಗೇನೂ ಬೇಜಾರಿಲ್ಲ ಅಂದರೆ, "ಮತ್ತೆ ನಗ್ತಾರೆ" ಅನ್ನುತ್ತಾಳೆ. ಟೈಲರ್ ಮನೆಯ ಸಂಗತಿ ಹೇಳಿದಾಗ ಪೂರ್ತಿ ಕೇಳಿಸಿಕೊಂಡಳು, ಎದ್ದು ಹೋಗಿ ಹೋಂವರ್ಕಿಗೆ ಕೂತಳು. ನೀನು ಅವಳಿಗೆ ಬೇರೆಯಾಗಿ ಒಂದು ಕಾಗದ ಬರಿ. ತಪ್ಪು ಮಾಡಿದ್ದು ಅವಳಲ್ಲ ಅಂತ ನಾನು ಹೇಳಿದರೆ ಸಾಲುತ್ತಿಲ್ಲ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು. ಅವರಿಗೆ ಈ ವಿಷಯವೆಲ್ಲ ಈಗಲೇ ಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಸ್ವಲ್ಪ ಮಲಗು.

ಇಂತಿ ನಿನ್ನ,
ಡಾಕ್ಟ್ರು

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಇದನ್ನು ನಿನ್ನೆ ಅವರಿಗೂ ಹೇಳಲಿಲ್ಲ, ಮಗಳಿಗೂ ಗೊತ್ತಿಲ್ಲ. ಟೈಲರನ್ನು ದೊಡ್ಡಾಸ್ಪತ್ರೆಗೆ ಕಳಿಸಿದ ದಿನ, ವ್ಯಾನು ಹೋದಮೇಲೆ, ರಿಜಿಸ್ಟರ್ ತೆಗೆದು ನಾಲ್ಕು ದಿನದ ಹಿಂದಿನ ಪುಟದಲ್ಲಿ ಅವರ ಹೆಸರಿನ ಮುಂದೆ "ಇಸಿಜಿಗೆ ಸೂಚಿಸಿದೆ, ಒಪ್ಪಲಿಲ್ಲ" ಅಂತ ಬರೆದೆ. ಅದೇ ಪೆನ್ನು, ಅದೇ ಕೈಬರಹ, ಯಾರಿಗೂ ಗೊತ್ತಾಗುವುದಿಲ್ಲ. ಆ ಪುಟ ಈಗ ನನ್ನ ಮುಂದೆ ತೆರೆದುಕೊಂಡಿದೆ. ಆ ಸಾಲಿನ ಕೆಳಗೆ ಇದನ್ನು ಯಾವತ್ತು, ಯಾಕೆ ಸೇರಿಸಿದೆ ಅಂತ ಬರೆದು, ಇವತ್ತಿನ ತಾರೀಖು ಹಾಕಿ ಸಹಿ ಮಾಡಿದ್ದೇನೆ. ನಾಳೆ ಬೆಳಿಗ್ಗೆ ಅದರ ಪ್ರತಿ ಆಕೆಯ ಕೈಗೆ ಕೊಡುತ್ತೇನೆ. ಆಮೇಲೆ ಈ ಬಾಗಿಲು ತೆರೆದಿರುತ್ತೋ ಇಲ್ಲವೋ ಗೊತ್ತಿಲ್ಲ. ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡ.