ಅಂಕಿತಾಳ ಮಾವಿನ ಕಸಿ

ಮುಂಡರಗಿ, ೧೪ ಜುಲೈ, ಸೋಮವಾರ

ಹೊಸ ಉಪನ್ಯಾಸಕಿ ಸುನಿತಾ ಕಂಪ್ಯೂಟರಿನಲ್ಲೇ ಕಸಿ ಕಲಿಸುವ ವರ್ಚುವಲ್ ಲ್ಯಾಬ್ ಶುರುಮಾಡಿದ ಮೇಲೆ ವಿದ್ಯಾರ್ಥಿಗಳು ಕಾಲೇಜಿನ ಹಿಂದಿನ ನನ್ನ ನರ್ಸರಿಗೆ ಬರುವುದೇ ಕಡಿಮೆ. ಅವಳು ಚೆನ್ನಾಗಿಯೇ ಕಲಿಸುತ್ತಾಳೆ. ನನ್ನ ಹೊಟ್ಟೆ ಉರಿಯುವುದೂ ಅದಕ್ಕೇ.

ಇಂದು ಅವಳ ವಿದ್ಯಾರ್ಥಿನಿ ಅಂಕಿತಾ ಮೊದಲ ಸಲ ನಿಜವಾದ ಮಾವಿನ ಸಸಿಗೆ ಕಸಿ ಕಟ್ಟಿದಳು. ಕಟ್ಟುವ ಮೊದಲು, ಕಸಿಗೆಂದು ಕತ್ತರಿಸಿದ ಕಡ್ಡಿಯನ್ನು ಬಿಸಿಲಲ್ಲೇ ಬಿಟ್ಟು ನಿಧಾನವಾಗಿ ಚಾಕು ಒರೆಸುತ್ತಿದ್ದಳು. ಕಂಪ್ಯೂಟರಿನಲ್ಲಿ ಕಡ್ಡಿ ಒಣಗುವುದಿಲ್ಲವಲ್ಲ; ಇಲ್ಲಿ ಒಣಗಿದರೆ ಕಸಿ ಹತ್ತದು. ಅದನ್ನು ಸುತ್ತಿಡುವ ಒದ್ದೆ ಬಟ್ಟೆ ನನ್ನ ಕೈಯಲ್ಲೇ ಇತ್ತು. ಕೊಡಲಿಲ್ಲ.

"ಸುನಿತಾ ಮೇಡಂ ತೋರ್ಸಿದಂಗ ಕಟ್ಟೇನ್ರಿ. ಚಿಗೀತೈತಲ್ರಿ ಮೇಡಂ?"

"ಚಿಗೀತೈತಿ ತಗೋ" ಅಂದೆ.

ಇಪ್ಪತ್ತು ವರ್ಷ ಕಲಿಸಿದವಳು ಇಂದು ಒಂದು ಗಿಡ ಸಾಯಲೆಂದು ಬಯಸಿದೆ. ಅಂಕಿತಾ ಅದಕ್ಕೆ ತನ್ನ ಹೆಸರಿನ ಚೀಟಿ ಕಟ್ಟಿ ಹೋಗಿದ್ದಾಳೆ. ನಾಳೆ ಬೆಳಿಗ್ಗೆ ಬೇಗ ಹೋಗಿ ಹೊಸ ಕಡ್ಡಿ ಕೂಡಿಸಿದರೆ ಯಾರಿಗೂ ಗೊತ್ತಾಗದು. ಆದರೆ ಅದು ಚಿಗುರಿದರೆ ಎಲ್ಲರೂ ಸುನಿತಾಳನ್ನೇ ಹೊಗಳುತ್ತಾರಲ್ಲ...