ಕೇಶವನ ಲೋಟದ ಹತ್ತು ಹನಿ

೭ ಮಾರ್ಚ್ ೧೯೮೮, ಬೆಳಗ್ಗೆ
ಕೇಶವನ ಕಾಫಿಗೆ ಗುಟ್ಟಾಗಿ ಹತ್ತು ಹನಿ ಔಷಧಿ. ಬಾಗಿಲಲ್ಲಿ ಅಮ್ಮನ ಕಾವಲು, ಎಂದಿನಂತೆ. ಮಾತ್ರೆ ಕೊಟ್ಟರೆ ತಮ್ಮ ಉಗಿಯುತ್ತಾನೆ, ಹನಿಗೆ ರುಚಿಯಿಲ್ಲ. ಅವನ ಕೈ ನಡುಗಿ ಅರ್ಧ ಕಾಫಿ ಅಂಗಿಗೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಲ್ಲಿ ಲೇತ್ ಹಿಡಿದಿದ್ದ ಕೈ.

೯ ಮಾರ್ಚ್, ಸಂಜೆ
ಲ್ಯಾಬಲ್ಲಿ ಇಲಿ ಮಿದುಳು ಅರೆದು ಮೈಟೊಕಾಂಡ್ರಿಯಾ ತೆಗೆದೆ — ಜೀವಕೋಶದ ಒಲೆ ಅದು. ಅದು ಆಕ್ಸಿಜನ್ ಸುಟ್ಟಷ್ಟೂ ಗ್ರಾಫಿನ ಗೆರೆ ಚೆನ್ನಾಗಿ ಇಳಿಯುತ್ತಿತ್ತು. ಅದಕ್ಕೆ ಮನೋರೋಗದ ಔಷಧಿ ಹ್ಯಾಲೊಪೆರಿಡಾಲ್ ಬಿಟ್ಟೆ. ಗೆರೆ ಅಡ್ಡ ಮಲಗಿತು, ಸುಡುವುದು ನಿಂತಿತು. ಅದರಿಂದಲೇ ತಯಾರಾದ ಡೆರಿವೇಟಿವ್ ಇನ್ನೂ ಕೆಟ್ಟದ್ದು. ಮೂರು ಸಲವೂ ಹಾಗೇ.
ಕೇಶವನ ಹನಿಯೂ ಅದೇ ಔಷಧಿ... ಮಾಗಡಿ ರೋಡ್ ಬಸ್ಸಲ್ಲಿ ಅಳು ಬಂತು. ನನ್ನ ಕೈಯಾರೆ ಅವನ ಒಲೆ ಆರಿಸುತ್ತಿದ್ದೇನೆ.

೧೦ ಮಾರ್ಚ್
ಬಾಟ್ಲಿಗೆ ಬರೀ ನೀರು ತುಂಬಿದೆ. ಅಮ್ಮನಿಗೆ ಹೇಳಿಲ್ಲ.

೨ ಏಪ್ರಿಲ್
ಕೇಶವನ ಕೈ ನಡುಗಲ್ಲ! ಅಂಗಿ ಗುಂಡಿ ತಾನೇ ಹಾಕಿಕೊಂಡ. "ಅಕ್ಕಾ, ನಿನ್ ಛತ್ರಿ ಕಡ್ಡಿ ಮುರಿದಿದೆ. ಕೊಡು, ಸರಿ ಮಾಡ್ತೀನಿ." ಅಮ್ಮ ತುಪ್ಪದ ದೀಪ ಹಚ್ಚಿದಳು. ನನಗೋ ಜಂಬ.

೧೯ ಮೇ
ಕೇಶವ ಮೂರು ದಿನದಿಂದ ಉಂಡಿಲ್ಲ. ಪಕ್ಕದ ಮನೆ ರೇಡಿಯೊ ಅವನ ಹೆಸರು ಹಿಡಿದು ಬೈಯುತ್ತದಂತೆ. ಅತ್ತ ನುಗ್ಗಿದವನನ್ನು ತಡೆಯಹೋದ ಅಮ್ಮನನ್ನು ತಳ್ಳಿದ; ಅವಳ ಮಣಿಕಟ್ಟು ಮುರಿಯಿತು. "ಹನಿ ಹಾಕ್ತಾ ಇದೀಯ ತಾನೆ?" ಅಂದಳು. ಹೂಂ ಅಂದೆ. ಥೂ ನನ್ನ.

೨೦ ಮೇ
ಲ್ಯಾಬಿನ ಮುಖ್ಯಸ್ಥೆ ಅನಂತಲಕ್ಷ್ಮಿ ಮೇಡಂಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
"ಟ್ಯೂಬಿಗೆ ಹಾಕಿದ್ದೆಷ್ಟು, ಅವನ ತಲೆಗೆ ತಲುಪೋದೆಷ್ಟು, ಯೋಚ್ನೆ ಮಾಡಿದ್ಯೇನೇ?"
ಮಾಡಿರಲಿಲ್ಲ. ಎಷ್ಟೋ ಪಟ್ಟು ಜಾಸ್ತಿ ಹಾಕಿದ್ದೆವು.
"ಹಾಗಾದ್ರೆ ಹನಿಯಿಂದ ಏನೂ ಆಗಲ್ವಾ ಮೇಡಂ?"
"ವರ್ಷಗಟ್ಟಲೆ ತಗೊಂಡ್ರೆ... ಗೊತ್ತಿಲ್ಲ ಕಣೇ. ಮೊದ್ಲು ಡಾಕ್ಟರ ಹತ್ರ ಹೋಗು."

೨೩ ಮೇ
ಮತ್ತೆ ಹತ್ತು ಹನಿ ಶುರು ಮಾಡಿ ಅಂದರು ಡಾಕ್ಟರು. ಹೊಸ ಬಾಟ್ಲಿ. ಹನಿ ಎಣಿಸುವಾಗ ಬೆನ್ನ ಹಿಂದೆ ಕೇಶವ! ಕೂಗಾಡಲಿಲ್ಲ. ಲೋಟ ನನ್ನ ಕಡೆ ಸರಿಸಿದ.
"ನೀನ್ ಮೊದ್ಲು ಕುಡಿ ಅಕ್ಕಾ."
ಅರ್ಧ ಕುಡಿದೆ. ಮಿಕ್ಕಿದ್ದು ಅವನು ಕುಡಿದ.

೩೦ ಮೇ
ದಿನವೂ ಅರ್ಧ ನನಗೆ, ಅರ್ಧ ಅವನಿಗೆ. ಅವನು ಉಣ್ಣುತ್ತಿದ್ದಾನೆ, ಮಲಗುತ್ತಿದ್ದಾನೆ. ನನ್ನ ದವಡೆ ಬಿಗಿ. ನಿನ್ನೆಯಿಂದ ಕೈಯೂ ನಡುಗುತ್ತಿದೆ, ಅಕ್ಷರ ಸಣ್ಣಗಾಗುತ್ತಿದೆ. ಭಯವಾಗುತ್ತದೆ. ನಾನು ಕುಡಿಯದಿದ್ದರೆ ಅವನೂ ಕುಡಿಯಲ್ಲ.
ಕೇಶವ ಕರೆಯುತ್ತಿದ್ದಾನೆ — "ಕಾಫಿ ಆರ್ತಾ ಇದೆ ಅಕ್ಕಾ, ಮೊದ್ಲು ನೀನು ಕುಡಿ."